ಎಳೆಗೂಸುಗಳ ಬೀಳುವಿಕೆ

ಹುಟ್ಟಿದಂದಿನಿಂದ ಎರಡು ವರ್ಷ ತುಂಬುವವರೆಗಿನ ಶಿಶುಗಳು ಮಂಚ, ತೊಟ್ಟಿಲು, ತೊಡೆ, ಹೊಸ್ತಿಲು, ಮೆಟ್ಟಿಲು ಇವುಗಳ ಮೇಲಿನಿಂದಲೋ, ನಿಂತ ನಿಲುವಿನಲ್ಲಿಯೇ ಆಯ ತಪ್ಪಿಯೋ ನೆಲಕ್ಕೆ ಬೀಳುವುದು ಬಾಲ್ಯದ ಅತಿ ಸಾಮಾನ್ಯವಾದ ಅವಘಡ. ಇವುಗಳಲ್ಲಿ ಬಹುಪಾಲು ಒಂದು ಅಳು, ಒಂದು ಬುಗುಟು, ಮನೆಮಂದಿಯ ಒಂದು ಗಳಿಗೆಯ ಗಾಬರಿ ಇಷ್ಟರಲ್ಲಿಯೇ ಮುಗಿಯತಕ್ಕವು. ಅತ್ಯಲ್ಪ ಭಾಗ ಮಾತ್ರ ತಲೆಬುರುಡೆಯ ಬಿರುಕಿಗೋ ಮಿದುಳಿನ ಸುತ್ತಣ ರಕ್ತಸ್ರಾವಕ್ಕೋ ಕಾರಣವಾಗುವುದುಂಟು. ಈ ಎರಡನ್ನು ಬೇರ್ಪಡಿಸಿ ಅರಿಯುವ ವಿವೇಕವೇ ಈ ವಿಷಯದ ತಿರುಳು. ಆ ವಿವೇಕಕ್ಕೆ ಆಸ್ಪತ್ರೆಯ ಯಂತ್ರಗಳಿಗಿಂತ ಮುಂಚೆ ಒದಗಿ ಬರುವುದು ಕೂಸನ್ನು ದಿನವೂ ಎತ್ತಿ ಆಡಿಸುವವರ ಕಣ್ಣು.

ಬೆಳಗಾವಿಯ ಸದಾಶಿವನಗರದಂಥ ಬಡಾವಣೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬೆಳಗಿನ ಎಂಟು ಗಂಟೆ; ಏಳು ತಿಂಗಳ ಕೂಸನ್ನು ಮಂಚದ ನಡುವೆ ಮಲಗಿಸಿ, ಎರಡೂ ಮಗ್ಗುಲಿಗೆ ತಲೆದಿಂಬುಗಳ ಒಡ್ಡು ಕಟ್ಟಿ, ತಾಯಿ ಒಲೆಯ ಮೇಲಿನ ಹಾಲು ನೋಡಲು ಹೋಗಿದ್ದಾಳೆ. ನಿನ್ನೆಯವರೆಗೆ ಬೋರಲು ಬಿದ್ದು ಅಲ್ಲಿಯೇ ಕೈಕಾಲು ಬಡಿಯುತ್ತಿದ್ದ ಕೂಸು ಇಂದು ಆ ದಿಂಬನ್ನೇ ಏರಿ ಆಚೆಗೆ ಉರುಳಿದೆ. ತೆಂಗಿನಕಾಯಿ ನೆಲಕ್ಕೆ ಬಿದ್ದಂಥ ಒಂದು ಸದ್ದು. ಅದರ ಬೆನ್ನಿಗೇ, ಅಳು ಹೊರಡುವ ಮುನ್ನ, ಒಂದು ನಿಶ್ಶಬ್ದ. ಹಾಲು ಉಕ್ಕಿ ಒಲೆಯ ಮೇಲೆ ಹರಿದ ವಾಸನೆಯೊಡನೆ ಆ ನಿಶ್ಶಬ್ದವನ್ನು ಅನೇಕ ತಾಯಂದಿರು ವರ್ಷಗಟ್ಟಲೆ ನೆನಪಿನಲ್ಲಿ ಹೊತ್ತಿರುತ್ತಾರೆ. ಮಂಚದ ಎತ್ತರ 45 ಸೆಂ.ಮೀ. ಎಂದಿಟ್ಟುಕೊಂಡರೆ, ಅಲ್ಲಿಂದ ನೆಲ ಮುಟ್ಟಲು ಹಿಡಿಯುವ ಕಾಲ ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಬಾಗಿಲಲ್ಲೇ ನಿಂತು ಕಣ್ಣಿಟ್ಟಿದ್ದರೂ ಕೈ ಎಟುಕುತ್ತಿರಲಿಲ್ಲವೆಂಬುದನ್ನು, 'ನೀ ಎಲ್ಲಿ ಹೋಗಿದ್ದಿ?' ಎಂದು ಕೇಳುವ ಹಿರಿಯರಿಗೆ ಯಾರಾದರೂ ಗಣಿತದಿಂದ ಮನಗಾಣಿಸಿದರೆ ಮನೆಯಲ್ಲಿ ಅರ್ಧ ಸಂಕಟ ಕಡಿಮೆಯಾದೀತು.

ಕೂಸು ತಲೆ ಮುಂದಾಗಿಯೇ ಬೀಳುವುದೇಕೆಂಬುದು ಅದರ ಅಂಗರಚನೆಯಿಂದಲೇ ವಿದಿತವಾಗುತ್ತದೆ. ವಯಸ್ಕನ ತಲೆ ದೇಹದ ಉದ್ದದ ಸುಮಾರು ಎಂಟರಲ್ಲೊಂದು ಭಾಗವಾದರೆ, ನವಜಾತ ಶಿಶುವಿನದು ನಾಲ್ಕರಲ್ಲೊಂದು ಭಾಗ. ಕುತ್ತಿಗೆಯ ಸ್ನಾಯುಗಳು ದುರ್ಬಲ. ಬೀಳುವಾಗ ಕೈಗಳನ್ನು ಮುಂದೆ ಚಾಚಿ ನೆಲವನ್ನು ತಡೆಯುವ ಸಹಜ ಪ್ರತಿಕ್ರಿಯೆ ಎಂಟು ಒಂಬತ್ತನೆಯ ತಿಂಗಳ ಸುಮಾರಿಗೆ ಮೂಡತಕ್ಕದ್ದು. ಇದಕ್ಕೆ ಪ್ರತಿಯಾಗಿ ಪ್ರಕೃತಿ ಒಂದು ರಕ್ಷಣೆಯನ್ನೂ ಇಟ್ಟಿದೆ: ಬುರುಡೆಯ ಎಲುಬುಗಳು ಇನ್ನೂ ಬೆಸೆದುಕೊಂಡಿರದೆ ಬಾಗಬಲ್ಲ ಹಾಳೆಗಳಂತಿರುತ್ತವೆ, ನೆತ್ತಿಯ ಮುಂಭಾಗದ ಮೆತ್ತನೆಯ ಸಂದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಮುಚ್ಚಿಕೊಳ್ಳುತ್ತದೆ. ಈ ಬೆಸುಗೆಗಳನ್ನು ಸುಶ್ರುತಸಂಹಿತೆ ಸೀಮಂತವೆಂಬ ಹೆಸರಿನಿಂದ ಐದಾಗಿ ಎಣಿಸಿ ಮರ್ಮಸ್ಥಾನಗಳ ಪಂಕ್ತಿಯಲ್ಲಿ ಸೇರಿಸಿದೆ. ಬಸಿರಿಯ ಬೈತಲೆ ತೆಗೆಯುವ ಸಂಸ್ಕಾರಕ್ಕೆ ನಾವು ಬಳಸುವ ಶಬ್ದವೇ ಕೂಸಿನ ತಲೆಬುರುಡೆಯ ಬೆಸುಗೆಗೂ ಇರುವುದು ಚಿಂತನಾರ್ಹ. ಎಳೆಯ ಮಗುವನ್ನು ಥಟ್ಟನೆ ಎಬ್ಬಿಸಬಾರದು, ಒಮ್ಮೆಲೇ ಎತ್ತಬಾರದು, ಕೂಡುವ ಶಕ್ತಿ ಬರುವ ಮೊದಲೇ ಕೂಡಿಸಬಾರದು ಎಂಬ ಎಚ್ಚರಿಕೆಗಳೂ ಆ ಗ್ರಂಥದ ಶಾರೀರಸ್ಥಾನದಲ್ಲಿವೆ.

ಬೀಳುವುದಕ್ಕೂ ಬೆಳೆಯುವುದಕ್ಕೂ ಇರುವ ಸಂಬಂಧ ಅನಿವಾರ್ಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ, ದಿಲ್ಲಿಯ ಮಕ್ಕಳನ್ನೂ ಒಳಗೊಂಡ ಅಧ್ಯಯನದ ಪ್ರಕಾರ ಆರೋಗ್ಯವಂತ ಶಿಶುಗಳು ಆಧಾರವಿಲ್ಲದೆ ಕೂಡುವುದು 3.8ರಿಂದ 9.2 ತಿಂಗಳ ನಡುವೆ, ಅಂಬೆಗಾಲಿಡುವುದು 5.2ರಿಂದ 13.5 ತಿಂಗಳ ನಡುವೆ, ಸ್ವತಂತ್ರವಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಈ ಅವಧಿಗಳ ಹರವನ್ನು ಗಮನಿಸಿದರೆ, ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತೆಂದು ನಮ್ಮ ಕೂಸನ್ನು ಬಲವಂತದಿಂದ ನಿಲ್ಲಿಸುವುದು ನಿಷ್ಪ್ರಯೋಜಕವೆಂಬುದು ಸ್ಪಷ್ಟ. ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ 12ರಿಂದ 19 ತಿಂಗಳ ಮಕ್ಕಳನ್ನು ಆಡಲು ಬಿಟ್ಟು ಎಣಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆಗಳೂ 17 ಬೀಳುವಿಕೆಗಳೂ ಇದ್ದವು. ಗಂಟೆಗೆ ಹದಿನೇಳು! ಅವುಗಳಲ್ಲಿ ತಾಯಿಯ ಲಕ್ಷ್ಯಕ್ಕೆ ಬರುವುದು ಎಷ್ಟು, ಕೂಸಿಗೇ ನೆನಪಿರುವುದು ಎಷ್ಟು? ಹೆಚ್ಚಿನವು ಕುಂಡೆಯೂರಿ ಕೂತಂತೆ ಬೀಳುವುದರಿಂದ, ಪುನಃ ಎದ್ದು ಹೋಗುವುದೇ ಅವುಗಳ ಚಿಕಿತ್ಸೆ.

ಬಿದ್ದ ನೆಲದ ಗುಣವನ್ನೂ ಇಲ್ಲಿ ಹೇಳಬೇಕು. ಬೆಳಗಾವಿಯ ಸಮೀಪದ ಖಾನಾಪುರದ ಹಳ್ಳಿಗಳ ಹಳೆಯ ಮನೆಗಳಲ್ಲಿ, ಆ ಸೀಮೆಯ ಕೆಮ್ಮಣ್ಣಿನ ಹೆಂಚಿನ ಕೆಳಗೆ, ಸೆಗಣಿಯಿಂದ ಸಾರಿಸಿದ ಮಣ್ಣಿನ ನೆಲವಿರುತ್ತಿತ್ತು. ಅದು ಪೆಟ್ಟಿನ ಒಂದಂಶವನ್ನು ತಾನೇ ನುಂಗುತ್ತಿತ್ತು. ಅದರ ತರುವಾಯ ಶಹಾಬಾದಿನ ಹಾಸುಗಲ್ಲು ಬಂದಿತು, ಈಗ ನಗರದಲ್ಲಿ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲುಗಳು. ಇವು ಪೆಟ್ಟನ್ನು ಯಥಾವತ್ತಾಗಿ ತಲೆಗೆ ಹಿಂದಿರುಗಿಸುತ್ತವೆ. ಮಂಚದ ಬುಡದಲ್ಲಿ ಒಂದು ಮಡಿಸಿದ ಕೌದಿ ಹಾಸುವುದು ಅಜ್ಜಿಯ ಕಾಲದ ಉಪಾಯವೆಂದು ಕಂಡರೂ ಭೌತಶಾಸ್ತ್ರಕ್ಕೆ ಸಮ್ಮತವಾದದ್ದು.

ಬಿದ್ದ ಕೂಡಲೆ ಮಾಡತಕ್ಕದ್ದೇನು? ಕೂಸು ಮಿಸುಕದೆ ಇದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ, ಕುತ್ತಿಗೆ ಹೊರಳಿದಂತೆ ಕಂಡರೆ ಅದನ್ನು ಝಾಡಿಸಿ ಎತ್ತದೆ, ತಲೆ ಕುತ್ತಿಗೆಗಳನ್ನು ಒಂದೇ ಸಮನಾಗಿ ಆತು ಹಿಡಿದು, ಮತ್ತೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಆದರೆ ಬಹುತೇಕ ಕೂಸುಗಳು ಎತ್ತುವ ಮೊದಲೇ ಅಳಲಾರಂಭಿಸಿರುತ್ತವೆ; ಕೂಡಲೆ ಹೊರಟ ಗಟ್ಟಿಯಾದ ಅಳು ವೈದ್ಯನ ದೃಷ್ಟಿಯಲ್ಲಿ ಶುಭಲಕ್ಷಣ. ನಮ್ಮ ಕಡೆಯ ಅಜ್ಜಿಯರು ಇಂಥ ವೇಳೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು, 'ತಡಿ, ಈ ನೆಲಕ್ಕ ಹೊಡೀತೀನಿ' ಎಂದು ಅಂಗೈಯಿಂದ ನೆಲವನ್ನು ಬಡಿಯುವುದುಂಟು. ನಿರಪರಾಧಿಯಾದ ನೆಲಕ್ಕೆ ದಂಡನೆ ವಿಧಿಸುವ ಈ ನ್ಯಾಯದಾನವನ್ನು ಆಧುನಿಕ ಶಿಕ್ಷಣಜ್ಞರು ಆಕ್ಷೇಪಿಸಬಹುದಾದರೂ, ಅಷ್ಟು ಹೊತ್ತಿನಲ್ಲಿ ಕೂಸು ಕಣ್ಣರಳಿಸಿ ಆ ಕೈಯನ್ನು ಹಿಂಬಾಲಿಸುತ್ತದೆಯೆ, ಅಳು ನಿಲ್ಲಿಸಿ ನಗುತ್ತದೆಯೆ ಎಂಬುದು ಅಜ್ಜಿಗೆ ತಿಳಿದುಬಿಡುತ್ತದೆ. ಪ್ರಜ್ಞೆಯ ಪರೀಕ್ಷೆ ಅದಕ್ಕಿಂತ ಬಹಳ ಬೇರೆಯಾದದ್ದೇನೂ ಅಲ್ಲ.

ಇಲ್ಲಿ ತಪ್ಪುಗ್ರಹಿಕೆಗೆ ಆಸ್ಪದವಾಗುವ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ಆರು ತಿಂಗಳು ದಾಟಿದ ಕೆಲವು ಮಕ್ಕಳು ಬಿದ್ದಾಗ ಒಂದೆರಡು ಸಲ ಚೀರಿ, ಬಾಯಿ ತೆರೆದಂತೆಯೇ ಉಸಿರು ಕಟ್ಟಿ, ತುಟಿ ನೀಲಿಗಟ್ಟಿ, ಒಮ್ಮೊಮ್ಮೆ ಕೈಕಾಲು ಸೆಟೆದು ಕ್ಷಣಕಾಲ ಪ್ರಜ್ಞೆ ತಪ್ಪುತ್ತವೆ; ಇನ್ನು ಕೆಲವು, ಮುಖ್ಯವಾಗಿ ತಲೆಗೆ ಅನಿರೀಕ್ಷಿತವಾಗಿ ತಾಗಿದಾಗ, ಅಳುವಿಲ್ಲದೆಯೇ ಬಿಳಿಚಿಕೊಂಡು ಸೊರಗುತ್ತವೆ. 'ಕೂಸು ಉಸಿರು ಹಿಡಿಯಿತು' ಎಂದು ಜನ ಹೇಳುವುದು ಇದನ್ನೇ. ನೋಡುವವರಿಗೆ ಪ್ರಾಣವೇ ಹೋದಂತಾದರೂ ಇದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನಾಗಿ ಬಿಟ್ಟು, ಮಿದುಳಿಗೆ ಹಾನಿ ಮಾಡದೆ ಹೋಗುತ್ತದೆ; ಕಬ್ಬಿಣಾಂಶದ ಕೊರತೆಯುಳ್ಳ ಮಕ್ಕಳಲ್ಲಿ ಇದು ಹೆಚ್ಚು, ಆ ಕೊರತೆಯನ್ನು ತುಂಬಿದರೆ ಎಷ್ಟೋ ವೇಳೆ ತಗ್ಗುತ್ತದೆ. ಮುಖಕ್ಕೆ ನೀರೆರಚುವುದೂ ಕುಲುಕುವುದೂ ಬೇಡ. ಮಗ್ಗುಲಾಗಿ ಮಲಗಿಸಿದರೆ ಸಾಕು. ಆದರೆ ಮೊದಲ ಸಲ ಹೀಗಾದಾಗ, ಅದು ಉಸಿರು ಕಟ್ಟಿದ್ದೋ ಪೆಟ್ಟಿನಿಂದಲೇ ಪ್ರಜ್ಞೆ ತಪ್ಪಿದ್ದೋ ಎಂದು ಮನೆಯವರು ತಾವೇ ತೀರ್ಮಾನಿಸದೆ ವೈದ್ಯರಿಗೆ ಒಪ್ಪಿಸುವುದು ಲೇಸು.

ಇನ್ನು ಬುಗುಟು. ಸದಾಶಿವನಗರದ ಒಂದೇ ಓಣಿಯಲ್ಲಿ ಕನ್ನಡದವರು ಬುಗುಟೆಂದೂ ಮರಾಠಿಯವರು ಟೆಂಗೂಳವೆಂದೂ ಕರೆಯುವ ಈ ಊತ, ನೆತ್ತಿಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ, ನೋಡನೋಡುತ್ತ ನಿಂಬೆಹಣ್ಣಿನಷ್ಟು ಏಳಬಲ್ಲದು. ಹಣೆಯ ಮೇಲಿನ ಬುಗುಟು ಎಷ್ಟೇ ಭಯಂಕರವಾಗಿ ಕಂಡರೂ, ಕೂಸು ಸರಿಯಾಗಿದ್ದರೆ, ಸಾಧಾರಣವಾಗಿ ನಿರಪಾಯ. ಒಂದೆರಡು ದಿನದಲ್ಲಿ ಅದರ ಕಪ್ಪು ಕಣ್ರೆಪ್ಪೆಗೆ ಇಳಿಯುವುದೂ ರಕ್ತದ ಸಹಜ ಪ್ರವಾಹವೇ. ತಲೆಯ ಪಕ್ಕದಲ್ಲಿ, ಕಿವಿಯ ಮೇಲ್ಭಾಗದಲ್ಲಿ, ಹಿಂದಲೆಯಲ್ಲಿ ಏಳುವ ಊತ ಮಾತ್ರ ಬೇರೆ ಜಾತಿಯದು: ಅಲ್ಲಿ ಎಲುಬು ತೆಳ್ಳಗಿರುವುದರಿಂದ ಬೆರಳಿಟ್ಟರೆ ನೀರು ತುಂಬಿದ ಚೀಲದಂತೆ ಮೆತ್ತಗೆ ಒಳಸರಿಯುವ ಊತದ ಕೆಳಗೆ ಬಿರುಕಿರಬಹುದು, ಅದು ಮರುದಿನ ಕಾಣಿಸಿಕೊಳ್ಳುವುದೂ ಉಂಟು. ಆದುದರಿಂದ ಬಿದ್ದ ದಿನವೂ ಮರುದಿನವೂ ಎಣ್ಣೆ ಹಚ್ಚುವ ನೆವದಿಂದಾದರೂ ತಲೆಯನ್ನು ಪೂರ್ತಿ ಸವರಿ ನೋಡಬೇಕು. ಬುಗುಟನ್ನು ತಿಕ್ಕಿ ಕರಗಿಸುವ ಪದ್ಧತಿ ತಪ್ಪು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ತಣ್ಣೀರಿನ ವಸ್ತ್ರವನ್ನೋ ಹತ್ತು ನಿಮಿಷ ಇಟ್ಟರೆ ಸಾಕು. ಸುಣ್ಣ ಬೆಲ್ಲದ ಲೇಪ ಎಳೆಯ ಚರ್ಮವನ್ನು ಸುಡುತ್ತದೆ. ಕಾಫಿಪುಡಿ ಗಾಯದೊಳಗೆ ಕೊಳಕನ್ನು ಸೇರಿಸುತ್ತದೆ. ನೋವಿಗೆ ತೂಕಕ್ಕೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಯುಕ್ತ, ಆಸ್ಪಿರಿನ್ ಸರ್ವಥಾ ಕೂಡದು. ದೃಷ್ಟಿ ತೆಗೆಯುವುದರಿಂದ ಯಾರಿಗೂ ಕೇಡಿಲ್ಲ. ಅದಕ್ಕಾಗಿ ಆಸ್ಪತ್ರೆಗೆ ಹೋಗುವುದು ತಡವಾಗಬಾರದು, ಅಷ್ಟೆ.

ಚಿಂತಿಸಬೇಕಾದ ವೇಳೆ ಯಾವುದೆಂಬುದನ್ನು ಕುರಿತು ವೈದ್ಯಶಾಸ್ತ್ರದಲ್ಲಿ ಈಗ ಪ್ರಚಲಿತವಾದ ಅಳತೆಗೋಲು 2009ರದು. ಉತ್ತರ ಅಮೆರಿಕದ 25 ಆಸ್ಪತ್ರೆಗಳಿಗೆ ತಲೆಗೆ ಪೆಟ್ಟಾಗಿ ಬಂದ, ಎಚ್ಚರವಿದ್ದ 42,412 ಮಕ್ಕಳನ್ನು ಪರಿಶೀಲಿಸಿ, ನೇಥನ್ ಕುಪರ್‌ಮನ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಅಷ್ಟು ಮಕ್ಕಳಲ್ಲಿ ಮಿದುಳಿಗೆ ಗಣನೀಯವಾದ ಪೆಟ್ಟಾಗಿದ್ದದ್ದು 376ಕ್ಕೆ, ಎಂದರೆ ನೂರಕ್ಕೆ ಒಂದಕ್ಕೂ ಕಡಿಮೆ. ಎರಡು ವರ್ಷದೊಳಗಿನವರಲ್ಲಿ ಅವರು ಗುರುತಿಸಿದ ಆರು ಲಕ್ಷಣಗಳೆಂದರೆ ಪ್ರಜ್ಞೆಯ ಮಾಂದ್ಯ, ಹಣೆಯನ್ನುಳಿದು ತಲೆಯ ಬೇರೆಡೆ ಊತ, ಐದು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಪ್ರಜ್ಞೆ ತಪ್ಪುವುದು, 90 ಸೆಂ.ಮೀ.ಗಿಂತ ಎತ್ತರದಿಂದ ಬೀಳುವಂಥ ತೀವ್ರ ಆಘಾತ, ಕೈಗೆ ಸಿಗುವ ಬುರುಡೆಯ ಬಿರುಕು, ಮತ್ತು ಮಗು ಎಂದಿನಂತಿಲ್ಲವೆಂಬ ತಂದೆತಾಯಿಗಳ ಅಭಿಪ್ರಾಯ. ಇವು ಯಾವುವೂ ಇಲ್ಲದ ಎಳೆಯರಲ್ಲಿ ಗಂಡಾಂತರದ ಸಂಭವ ಹತ್ತು ಸಾವಿರಕ್ಕೆ ಎರಡಕ್ಕಿಂತಲೂ ಕಡಿಮೆ. ಕೊನೆಯ ಲಕ್ಷಣ ವಿಶೇಷ ಗಮನಕ್ಕೆ ಪಾತ್ರವಾದದ್ದು: 'ಯಾಕೋ ನಮ್ಮ ಕೂಸು ಎಂದಿನ ಹಂಗಿಲ್ಲ' ಎಂಬ ತಾಯಿಯ ಮಾತು ಬುರುಡೆಯ ಬಿರುಕಿನ ಸಾಲಿನಲ್ಲಿಯೇ ಸ್ಥಾನ ಪಡೆದಿದೆ.

ತೊಂಬತ್ತು ಸೆಂಟಿಮೀಟರಿನ ಅರ್ಥವನ್ನು ಮನೆಯ ವಸ್ತುಗಳಲ್ಲಿ ಹೇಳುವುದಾದರೆ, ಮಂಚವೂ ಸೋಫಾವೂ ಅದರ ಕೆಳಗಿವೆ, ಅಡುಗೆಕಟ್ಟೆ ಅದರ ಹತ್ತಿರಕ್ಕೆ ಬರುತ್ತದೆ. ನಿಂತವರ ಹೆಗಲಿನಿಂದ ಜಾರಿದ ಕೂಸು ಅದಕ್ಕಿಂತ ಬಹಳ ಮೇಲಿನಿಂದ ಬಿದ್ದಂತೆ. ತಾನೇ ಉರುಳಿ ಬೀಳುವ ಕೂಸಿಗಿಂತ ಎತ್ತಿಕೊಂಡವರು ಜಾರಿದಾಗ ಬೀಳುವ ಕೂಸಿಗೆ ಅಪಾಯ ಹೆಚ್ಚೆಂಬುದನ್ನು ಜನ ಮರೆಯುತ್ತಾರೆ. ಖಾನಾಪುರ, ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಆಷಾಢದ ಮಳೆಯಲ್ಲಿ ಅಂಗಳದ ಕಲ್ಲು ಪಾಚಿಗಟ್ಟಿರುತ್ತದೆ. ಬಚ್ಚಲಿನಲ್ಲಿ ಕೂಸಿಗೆ ನೀರೆರೆದು, ಮೈಗೂ ಕೈಗೂ ಎಣ್ಣೆ ಬಳಿದುಕೊಂಡು, ಅದನ್ನು ಟವೆಲಿನಲ್ಲಿ ಸುತ್ತಿ ಒಳಗೆ ತರುವ ಹತ್ತು ಹೆಜ್ಜೆಗಳಷ್ಟು ಜಾಗರೂಕತೆ ಬೇಡುವ ದಾರಿ ಬೇರೆ ಇಲ್ಲ.

ಮೇಲಿನ ಲಕ್ಷಣಗಳ ಜೊತೆಗೆ, ಮೇಲಿಂದ ಮೇಲೆ ವಾಂತಿಯಾಗುವುದು, ಅಪಸ್ಮಾರದಂತೆ ಸೆಳೆತ ಬರುವುದು, ಕಿವಿಯಿಂದಲೋ ಮೂಗಿನಿಂದಲೋ ರಕ್ತ ಅಥವಾ ತಿಳಿನೀರು ಸೋರುವುದು, ಎರಡು ಕಣ್ಣಪಾಪೆಗಳು ಅಸಮವಾಗುವುದು, ಅಳದೆ ಸುಮ್ಮನಿರುವಾಗಲೂ ನೆತ್ತಿ ಉಬ್ಬಿ ನಿಲ್ಲುವುದು, ಮೊಲೆ ಹಿಡಿಯದಿರುವುದು, ಎತ್ತಿದರೂ ಆಡಿಸಿದರೂ ನಿಲ್ಲದ ಕೀರಲು ಅಳು, ಒಂದು ಕೈಯನ್ನೋ ಕಾಲನ್ನೋ ಆಡಿಸದಿರುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡಲಾಗದು. ಬಿದ್ದ ಕೂಡಲೆ ಒಂದು ಸಲ ಕಕ್ಕಿದ್ದು ಮಾತ್ರದಿಂದ ಭಯಪಡಬೇಕಾದ್ದಿಲ್ಲ. ಮೂರು ತಿಂಗಳೊಳಗಿನ ಕೂಸು ಬಿದ್ದರೆ ಮಾತ್ರ, ಲಕ್ಷಣ ಇರಲಿ ಬಿಡಲಿ, ವೈದ್ಯರಿಗೆ ತೋರಿಸುವುದೇ ಸರಿ. ಅದು ತಾನಾಗಿ ಉರುಳಲಾರದು, ಅದರ ಮುಖಚರ್ಯೆಯನ್ನು ಓದುವುದೂ ಕಠಿನ.

ನಿದ್ರೆಯ ವಿಷಯದಲ್ಲಿ ಒಂದು ಹಳೆಯ ಭಯ ಇನ್ನೂ ಮನೆಮನೆಯಲ್ಲಿದೆ. ಬಿದ್ದ ಕೂಸನ್ನು ಮಲಗಗೊಡಬಾರದೆಂದು ಕೆನ್ನೆ ತಟ್ಟುತ್ತ ಎಚ್ಚರವಾಗಿಡುವುದು ಅನಾವಶ್ಯಕ ಹಿಂಸೆ. ಅತ್ತು ದಣಿದ ಕೂಸು, ಎಂದಿನ ಮಲಗುವ ವೇಳೆಗೆ, ಎಂದಿನ ಹಾಗೆ ಮಲಗಿದರೆ ಮಲಗಲಿ. ನಡುನಡುವೆ ಉಸಿರನ್ನೂ ಮೈಬಣ್ಣವನ್ನೂ ನೋಡಿ, ಒಂದೆರಡು ಸಲ ಮೆಲ್ಲಗೆ ಮುಟ್ಟಿ ಅದು ಮುಲುಕಿ ಪ್ರತಿಕ್ರಿಯಿಸುವುದನ್ನು ಕಂಡರೆ ಸಾಕು. ಅವೇಳೆಯಲ್ಲಿ ಜೋಂಪು ಹತ್ತಿ, ಎಬ್ಬಿಸಿದರೂ ಏಳದಿದ್ದರೆ ಅದು ನಿದ್ರೆಯಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, 'ನಾಲ್ಕಾರು ತಾಸು ಇಲ್ಲೇ ಇರಲಿ, ನೋಡೋಣ' ಎಂದಾಗ, ಸ್ಕ್ಯಾನ್ ಮಾಡಲಿಲ್ಲವೆಂದು ಅಸಮಾಧಾನಪಡುವವರುಂಟು. ಸಿ.ಟಿ. ಸ್ಕ್ಯಾನಿನ ಕ್ಷಕಿರಣಗಳು ಎಳೆಯ ಮಿದುಳಿಗೆ ತಮ್ಮದೇ ಆದ ಸ್ವಲ್ಪ ಅಪಾಯವನ್ನು ತರುವುದರಿಂದ, ನಿಶ್ಚಿತ ಕಾರಣವಿಲ್ಲದೆ ಅದನ್ನು ಮಾಡದಿರುವುದೇ ಉತ್ತಮ ಚಿಕಿತ್ಸೆ. ಕಾಯ್ದು ನೋಡುವುದನ್ನು ಉಪೇಕ್ಷೆಯೆಂದು ತಿಳಿಯಬಾರದು. ಮನೆಯಲ್ಲಿ ಕಾಯ್ದು ನೋಡುವುದು ಮಾತ್ರ ಊರಿನ ದೂರವನ್ನು ಅವಲಂಬಿಸಿದೆ. ಸದಾಶಿವನಗರದವರಿಗೆ ನೆಹರೂನಗರದ ಕೆ.ಎಲ್.ಇ. ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆಯೂ, 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ ನೆರೆಯಲ್ಲಿಯೇ ಇವೆ, ಊರೊಳಗೆ ಜಿಲ್ಲಾಸ್ಪತ್ರೆಯಿದೆ. ಅಲ್ಲಿ, ಮೇಲೆ ಎಣಿಸಿದವುಗಳಲ್ಲದ ಸಂದೇಹದ ಲಕ್ಷಣವನ್ನು ಒಂದು ತಾಸು ಕಾದು ನೋಡಿದರೂ ಕೈ ಮೀರದು. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ.; ಕಾಡಿನಂಚಿನ ಊರುಗಳಿಂದ ಖಾನಾಪುರಕ್ಕೇ ಬರುವುದು ಮಳೆಗಾಲದ ಇರುಳಲ್ಲಿ ಒಂದು ಪ್ರಯಾಣ. ಅಲ್ಲಿಯವರು ಅದೇ ಲಕ್ಷಣಕ್ಕೆ ಬೇಗ ಹೊರಡಬೇಕು, ಹಗಲಿರುವಾಗಲೇ ಹೊರಡಬೇಕು. ಪುಸ್ತಕಗಳ ಸೂಚನೆಗಳು ಆಸ್ಪತ್ರೆ ಹತ್ತಿರವಿರುವವರನ್ನು ಮನಸ್ಸಿನಲ್ಲಿಟ್ಟು ಬರೆದವು ಎಂಬುದು ಈ ಲೇಖಕನ ಅಭಿಪ್ರಾಯ.

ತಲೆಯನ್ನು ಬಿಟ್ಟು ಇತರ ಅಂಗಗಳ ಮಾತು ಸಂಕ್ಷೇಪವಾಗಿ. ಬಾಯಿಗೆ ತಾಗಿ ಮೇಲ್ದುಟಿಯ ಒಳಗಿನ ಎಳೆ ಹರಿದರೆ ರಕ್ತ ಧಾರಾಳವಾಗಿ ಬಂದರೂ ಒತ್ತಿ ಹಿಡಿದರೆ ನಿಲ್ಲುತ್ತದೆ. ಕಳಚಿದ ಹಾಲುಹಲ್ಲನ್ನು ಪುನಃ ನೆಡುವಂತಿಲ್ಲ. ಬೀಳುವ ಕೂಸನ್ನು ಅದರ ಒಂದು ಕೈ ಹಿಡಿದು ಸರ್ರನೆ ಎಳೆದು ಎತ್ತಿದರೆ ಮೊಳಕೈ ಕೀಲು ಸರಿದು, ಅದು ಆ ಕೈಯನ್ನು ಜೋತುಬಿಟ್ಟುಕೊಂಡು ಕೂಡುತ್ತದೆ; ಬಲ್ಲ ವೈದ್ಯರ ಒಂದು ತಿರುವಿನಿಂದ ಸರಿಯಾಗುವ ಇದನ್ನು ಮನೆಯಲ್ಲಿ ನೀವಿಸುವುದು ಸಲ್ಲದು.

ತಡೆಗಟ್ಟುವ ಮಾರ್ಗಗಳಲ್ಲಿ ತೊಟ್ಟಿಲು ಮೊದಲನೆಯದು. ಬಣ್ಣದ ಚಿತ್ರಗಳಿಂದ ಹೆಸರಾದ ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲಾಗಲಿ, ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಾಗಲಿ, ಕೂಸು ಮಂಡಿಯೂರಿ ಏಳಲು ಕಲಿತ ದಿನವೇ ಅದರ ಕಾಲ ಮುಗಿಯಿತೆಂದು ತಿಳಿಯಬೇಕು. ಗಾಲಿಯ ವಾಕರ್ ನಡಿಗೆಯನ್ನು ಬೇಗ ಕಲಿಸುತ್ತದೆಂಬುದು ಭ್ರಮೆ. ಅದು ಕೂಸನ್ನು ಮೆಟ್ಟಿಲಿನ ಅಂಚಿಗೆ ಬೇಗ ಮುಟ್ಟಿಸುತ್ತದೆ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು; ನಮ್ಮ ಅಂಗಡಿಗಳಲ್ಲಿ ಅದು ಇಂದಿಗೂ ಬಾರಸೆಯ ಉಡುಗೊರೆ. ನಿಂತು ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ಗಾಡಿ ಇದಕ್ಕಿಂತ ಎಷ್ಟೋ ಮೇಲು. ಮೂರನೆಯ, ಆರನೆಯ, ಒಂಬತ್ತನೆಯ, ಹನ್ನೆರಡನೆಯ, ಹದಿನೈದನೆಯ ತಿಂಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಕೂಸು ಮಲಗುವ ಜಾಗವನ್ನೊಮ್ಮೆ ತೋರಿಸಿ ಕೇಳುವುದರಿಂದಲೂ ಪ್ರಯೋಜನವುಂಟು.

ವೈದ್ಯರ ಮುಂದೆ ಹೇಳುವ ವೃತ್ತಾಂತದಷ್ಟು ಉಪಯುಕ್ತವಾದ ಪರೀಕ್ಷೆ ಮತ್ತೊಂದಿಲ್ಲ. ಇನ್ನೂ ಉರುಳಲಾರದ ಕೂಸಿನ ಮೈಮೇಲೆ ಕಂದುಗಳಿದ್ದು, ಹೇಳಿದ ಕಥೆಗೂ ಗಾಯಕ್ಕೂ ಹೊಂದಿಕೆಯಾಗದಿದ್ದರೆ ವೈದ್ಯರು ಬೇರೆ ಶಂಕೆ ಪಡುವುದು ಅವರ ಕರ್ತವ್ಯ. ಆದರೆ ಕೂಡುಕುಟುಂಬಗಳಲ್ಲಿ ಕಥೆ ಬದಲಾಗುವುದಕ್ಕೆ ಎಷ್ಟೋ ವೇಳೆ ಕಾರಣ ಕ್ರೌರ್ಯವಾಗಿರದೆ ಸಂಕೋಚವಾಗಿರುತ್ತದೆ: ಮುದುಕಿಯ ತೊಡೆಯಿಂದ ಜಾರಿದ್ದನ್ನು ಸೊಸೆ ಮುಚ್ಚಿಡುತ್ತಾಳೆ, ತನ್ನ ಕೈಯಿಂದ ಬಿದ್ದದ್ದನ್ನು ಹತ್ತು ವರ್ಷದ ಅಕ್ಕ ಬೆಳಗಿನವರೆಗೆ ಬಾಯಿಬಿಡುವುದಿಲ್ಲ, ಮೆಟ್ಟಿಲಿನ ಬದಲು ಮಂಚವೆಂದು ಹೇಳಲಾಗುತ್ತದೆ. ಆ ಒಂದು ಸುಳ್ಳಿನಿಂದ 90 ಸೆಂ.ಮೀ.ಗಿಂತ ಮೇಲಿನ ಪೆಟ್ಟು ಕೆಳಗಿನದಾಗಿ ದಾಖಲಾಗುತ್ತದೆ. ಆದಕಾರಣ ಮನೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ: ಕೂಸು ಬಿದ್ದಾಗ ಯಾರು ಬೀಳಿಸಿದರೆಂದು ಆ ದಿನ ಕೇಳಬೇಡಿರಿ, ಎಲ್ಲಿಂದ, ಯಾವುದರ ಮೇಲೆ, ಎಷ್ಟು ಹೊತ್ತಿಗೆ ಬಿದ್ದಿತೆಂದು ಮಾತ್ರ ಕೇಳಿ, ಅದನ್ನು ತಾಯಿಕಾರ್ಡಿನ ಹಿಂದೆ ಬರೆದು ವೈದ್ಯರ ಕೈಗೆ ಕೊಡಿರಿ.